ಗಾಡಿಗೆ ಹೇಳಿದ ಮಾತುಗಳು

ಇವತ್ತು ಬೆಳಿಗ್ಗೆ ಜೋಳದ ಹಿಟ್ಟು ನಾದುವಾಗ ಬ್ರೇಕ್ ಎಣ್ಣೆಯ ವಾಸನೆ ಬಂತು. ಹಿಟ್ಟಿನದಲ್ಲ, ನನ್ನ ಉಗುರಿನದು. ನಿನ್ನೆ ಸಾಬೂನು ಹಚ್ಚಿ, ಕಡಲೆಹಿಟ್ಟು ಹಚ್ಚಿ, ಕೊನೆಗೆ ನಿಂಬೆ ಹೋಳಿನಿಂದ ತಿಕ್ಕಿದ್ದೆ. ಹೋಗಿದೆ ಅಂದುಕೊಂಡಿದ್ದೆ. ಹಿಟ್ಟಿನ ಬಿಸಿನೀರು ತಾಗಿದ್ದೇ ತಡ, ಎಲ್ಲಿ ಅಡಗಿತ್ತೋ ಎದ್ದು ಬಂತು. ಆ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಹಳೆಯ ಹರಳೆಣ್ಣೆಗೆ ದವಾಖಾನೆಯ ಸ್ಪಿರಿಟ್ ಬೆರೆಸಿದರೆ ಹೇಗಿರುತ್ತದೋ ಹಾಗಿರುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಸುಲಿದುಬಿಡುತ್ತದೆ. ಅಂಥದ್ದು ರೊಟ್ಟಿಯಲ್ಲಿ ಬೇಡವೆಂದು ಹಿಟ್ಟನ್ನು ಬದಿಗಿಟ್ಟು, ಒಲೆ ಆರಿಸಿ, ಅಂಗಳಕ್ಕೆ ಬಂದು ಜೀಪಿನ ಮುಂದೆ ನಿಂತೆ.

ಈ ಜೀಪು ನಮ್ಮ ಮಾವನವರದು. ಯಾವುದೋ ಸರಕಾರಿ ಇಲಾಖೆ ಸಾಕಾಗಿ ಹರಾಜಿಗೆ ಹಾಕಿದ್ದನ್ನು ಅವರು ಹಿಡಿದು ತಂದದ್ದು. ಸ್ಟೇರಿಂಗ್ ಎಡಗಡೆಗೆ ಇದೆ, ಬಾಗಿಲುಗಳಿಲ್ಲ, ಮೇಲಿನ ತಾಡಪತ್ರಿ ಹರಿದಲ್ಲೆಲ್ಲ ನಮ್ಮ ಅತ್ತೆಯ ಹೊಲಿಗೆ ಇದೆ. ಬಸವಕಲ್ಯಾಣದ ನಮ್ಮ ಮನೆಯಿಂದ ಮೋರಖಂಡಿಯ ಹೊಲಕ್ಕೆ ಹೋಗಿ ಬರುವುದು ಅದರ ಕೆಲಸ. ಮಾವನವರು ಅದನ್ನು ಯಾವ ಗ್ಯಾರೇಜಿಗೂ ಬಿಟ್ಟವರಲ್ಲ. ಅಂಗಳದಲ್ಲಿ ಗೋಣಿತಟ್ಟು ಹಾಸಿ, ಧೋತರ ಮೇಲೆ ಕಟ್ಟಿ, ಟೊಪ್ಪಿಗೆ ತೆಗೆಯದೆ ಕೆಳಗೆ ತೂರಿಬಿಡುತ್ತಿದ್ದರು. ಪಕ್ಕದಲ್ಲಿ ಒಂದು ಹಳೆಯ ತಾಟು, ಅದರಲ್ಲಿ ಚಿಮಣಿ ಎಣ್ಣೆ, ಎಣ್ಣೆಯಲ್ಲಿ ನೆನೆಯುತ್ತಿರುವ ನಟ್ಟು ಬೋಲ್ಟು. ಆ ತಾಟಿನಲ್ಲಿ ನನ್ನ ಮದುವೆಯ ಮುಂಚೆ ಮನೆಯವರು, ಅಂದರೆ ನನ್ನ ಗಂಡ, ಉಣ್ಣುತ್ತಿದ್ದರಂತೆ. ತಾಟು ಜೀಪಿನ ಪಾಲಿಗೆ ಹೋದ ಮೇಲೆ ಅವರಿಗೆ ಬೇರೆ ಕೊಡಿಸಿದರಂತೆ. ಆ ಸಿಟ್ಟು ಅವರಿಗೆ ಇನ್ನೂ ಇದೆ.

ನಾನು ಹುಮನಾಬಾದಿನವಳು. ಮದುವೆಯಾಗಿ ಬಂದಾಗ ನನ್ನ ತಾಯಿ ಹೇಳಿ ಕಳಿಸಿದ ಮಾತುಗಳಲ್ಲಿ ಮುಖ್ಯವಾದದ್ದು, ಮಾವನವರ ಎದುರು ದನಿ ತೆಗೆಯಬಾರದು, ಅವರಿಗಿಂತ ಎತ್ತರದಲ್ಲಿ ಕೂರಬಾರದು ಎಂಬುದು. ನಮ್ಮ ಕಡೆ ಆಗ ಎಲ್ಲ ಮನೆಯಲ್ಲೂ ಹೀಗೇ ಇತ್ತು. ಊಟಕ್ಕೆ ಕರೆಯಬೇಕಾದರೆ ಅತ್ತೆಗೆ ಹೇಳಬೇಕು, "ಮಾಮಾರಿಗೆ ಊಟಕ್ಕ ಬರ್ರಿ ಅಂತ ಹೇಳ್ರಿ." ಮಾವನವರು ಅಲ್ಲೇ ಮೂರು ಮಾರು ದೂರದಲ್ಲಿ ಕೂತು ಕೇಳಿಸಿಕೊಂಡಿರುತ್ತಾರೆ. ಆದರೂ ಅತ್ತೆ ಹೇಳುವ ತನಕ ಏಳುವ ಹಾಗಿಲ್ಲ. ಅವರೂ ಅತ್ತೆಗೇ ಹೇಳುತ್ತಾರೆ, "ಬಂದೆ ಅಂತ ಹೇಳು." ಅತ್ತೆ ನಡುವೆ ನಿಂತು ಅತ್ತಿತ್ತ ಒಂದು ಸಲ ನೋಡಿ, "ಇಬ್ಬರಿಗೂ ಕೇಳಸ್ತೇನ? ನಾ ಇನ್ನ ಹೋಗ್ಲಿ?" ಅನ್ನುತ್ತಿದ್ದರು.

ಇಂಥ ಮನೆಯಲ್ಲಿ ಜೀಪಿನ ಬ್ರೇಕು ಒಂದು ತೊಡಕು ತಂದಿಟ್ಟಿತು. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದರೆ ಅದನ್ನು ಹೊರಗೆ ಹಾಕಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಗಾಲಿಯ ಹಿಂದಿನ ಸಣ್ಣ ತಿರುಪು ಸಡಿಲಿಸಬೇಕು. ಗಾಳಿಯೂ ಎಣ್ಣೆಯೂ ಚಿಮ್ಮುತ್ತವೆ. ತಿರುಪು ಬಿಗಿದ ಮೇಲಷ್ಟೇ ಮೇಲಿನವರು ಕಾಲು ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ದನಿಯ ಮೇಲೆಯೇ ಎಲ್ಲ ನಡೆಯಬೇಕು. ಮೊದಲು ಪೆಡಲ್ ಕೆಲಸ ಅತ್ತೆಯದಾಗಿತ್ತು. ಅವರ ಮೊಣಕಾಲು ಹಿಡಿದುಕೊಂಡ ಮೇಲೆ ಜೀಪು ಹತ್ತುವುದು ಆಗಲಿಲ್ಲ. ಮನೆಯವರಿಗೆ ಬಟ್ಟೆ ಅಂಗಡಿ. ಉಳಿದವಳು ನಾನು.

ಮಾವನವರು ಕೆಳಗಿನಿಂದ ಜೀಪಿಗೆ ಹೇಳಿದರು, "ಏ ಗಾಡಿ, ಮನ್ಯಾಗ ಯಾರರ ಇದ್ರ ಜರಾ ಬಂದು ಬ್ರೇಕ್ ಒತ್ತಂತ ಹೇಳು."

ಗಾಡಿ ಸುಮ್ಮನಿತ್ತು. ನಾನು ಅಡುಗೆಮನೆಯಿಂದ ಬಂದೆ. ಸೀಟಿನಲ್ಲಿ ಕೂತರೆ ಅವರಿಗಿಂತ ಎತ್ತರವಾಗುತ್ತದೆ ಎಂದು ಹೊರಗೆ ನಿಂತೇ ಬಗ್ಗಿ ಕೈಯಿಂದ ಪೆಡಲ್ ಒತ್ತತೊಡಗಿದೆ. ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬರಬೇಕು? ಕಟ್ಟೆಯ ಮೇಲೆ ಕೂತಿದ್ದ ಅತ್ತೆ ನೋಡಿ ನೋಡಿ ಬೇಸತ್ತು, "ಕುಂದ್ರವಾ ಮ್ಯಾಲ. ಅವರು ತಳಗ ಮಕ್ಕೊಂಡಾರ, ನೀ ಕುಂತದ್ದು ಅವರಿಗೇನ ಕಾಣಸ್ತದ?" ಎಂದರು. ಕೂತೆ. ಇನ್ನು ಒತ್ತಿದ್ದೇನೆ ಎಂದು ಹೇಳುವುದು ಹೇಗೆ? ಗಾಬರಿಯಲ್ಲಿ ಕೈಬಳೆಯಿಂದ ಸ್ಟೇರಿಂಗಿಗೆ ಬಡಿದೆ. ಬಳೆ ಒಡೆಯಿತು. ಮುಂದೆ ಅತ್ತೆ ನಟ್ಟು ಬಿಚ್ಚುವ ಒಂದು ಸಣ್ಣ ಪಾನಾ ಕೊಟ್ಟರು. ಅದರಿಂದ ಮುಂದಿನ ತಗಡಿಗೆ ಒಂದು ಸಲ ಬಡಿದರೆ ಹಿಡಿದಿದ್ದೇನೆ ಎಂದು. ಮಾವನವರು ತಿರುಪು ಬಿಗಿದು ಕೆಳಗಿನಿಂದ ಎರಡು ಸಲ ಬಡಿಯುತ್ತಿದ್ದರು, ಬಿಡು ಎಂದು. ಯಾರೂ ಯಾರಿಗೂ ಇದನ್ನು ಹೇಳಿಕೊಡಲಿಲ್ಲ. ತಾನಾಗಿ ಆಯಿತು. ನಾನು ಬಡಿಯುತ್ತಿದ್ದ ಜಾಗದಲ್ಲಿ ಈಗಲೂ ಬಣ್ಣ ಹೋಗಿ, ಹೆಬ್ಬೆರಳು ಇಡುವಷ್ಟು ಕುಳಿ ಬಿದ್ದಿದೆ.

ಒಂದು ಸಲ ಮಾತ್ರ ಕೆಟ್ಟಿತು. ನಮ್ಮ ಗೋಡೆಯ ಆಚೆ ಕಾಶಿಬಾಯಿ ಕಾಕುವಿನ ಮನೆ. ಜೀಪಿನ ಎಡಮಗ್ಗುಲು ಆ ಗೋಡೆಯ ಕಡೆಗೇ ಇರುತ್ತದೆ. ಅಂದು ಆಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಕೂತಳು. ಮೊದಲ ಪೆಟ್ಟು ಬಿದ್ದದ್ದೇ ಮಾವನವರು ಅದು ನನ್ನದೆಂದು ತಿರುಪು ತೆಗೆದರು. ನಾನು ಆಗಷ್ಟೇ ಸೆರಗು ಸರಿಮಾಡಿಕೊಂಡು ಪೆಡಲ್ ಒತ್ತಿದೆ. ಎಣ್ಣೆ ನೇರ ಅವರ ಮೀಸೆಗೆ ಹಾರಿತು. ಕೆಳಗಿನಿಂದ ಸಮಾಧಾನದ ದನಿ ಬಂತು, "ಗಾಡಿ, ಮಗ್ಗಲ ಮನ್ಯಾಗ ಹಿಂಡಿ ಕುಟ್ಟಾಕತ್ತಾರ. ನಿನ್ನ ಮ್ಯಾಲ ಕುಂತವರಿಗೆ ಗಾಬರಿ ಆಗಬ್ಯಾಡ ಅಂತ ಹೇಳು." ಅತ್ತೆ ನಕ್ಕು ನಕ್ಕು ಕಟ್ಟೆಯಿಂದ ಜಾರಿದರು. ಅಂದಿನಿಂದ ತಿರುಪಿಗೆ ರಬ್ಬರಿನ ನಳಿಗೆ, ನಳಿಗೆಗೆ ಎಣ್ಣೆಯ ಬಾಟಲಿ ಬಂತು. ಕಾಶಿಬಾಯಿಯೂ ಒರಳಿನ ಮುಂದೆ ಕೂರುವ ಮುಂಚೆ ಗೋಡೆಯಾಚೆಯಿಂದ ಕೇಳುವುದು ರೂಢಿಯಾಯಿತು, "ಇವತ್ತ ಗಾಡಿ ಕೆಲಸ ಅದನೋ, ನಾ ಕುಟ್ಟಲೋ?"

ಅತ್ತೆ ತೀರಿಹೋದ ಮೇಲೂ ನಾನೂ ಮಾವನವರೂ ಮಾತಾಡಲಿಲ್ಲ. ನಡುವೆ ನಿಂತು ಹೇಳುವವರು ಇಲ್ಲದಾಗ ಮನೆಯ ಮಾತೆಲ್ಲ ಜೀಪಿನ ಮೂಲಕವೇ ಸಾಗಿತು. "ಗಾಡಿ, ಇವತ್ತ ಸಾರಿಗೆ ಉಪ್ಪು ಜರಾ ಕಮ್ಮಿ ಆಗ್ಯದ ಅಂತ ಹೇಳು." "ಗಾಡಿ, ಮೋರಖಂಡ್ಯಾಗ ತೊಗರಿ ಹೂ ಬಿಟ್ಟದ." ಕಣ್ಣು ಮಂಜಾದಾಗ ಒಂದು ಸಂಜೆ ಬಾನೆಟ್ಟಿನ ಮೇಲೆ ಕೈಯಿಟ್ಟು, "ಗಾಡಿ, ಇನ್ನ ನನಗ ರೋಡ್ ಕಾಣಸಂಗಿಲ್ಲ. ನಿನ್ನ ಹೊಡಿಯೂದು ಯಾರರ ಕಲೀತಾರೇನ ಕೇಳು" ಎಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಕೈ ಒರೆಸಿಕೊಂಡು ಹೋಗಿ ಸೀಟಿನ ಮೇಲೆ ಕೂತೆ. ಮೋರಖಂಡಿಯ ಹೊಲದ ದಾರಿಯಲ್ಲಿ ಅವರು ಬಲಗಡೆ ಕೂತು, ನೆಟ್ಟಗೆ ಮುಂದೆ ನೋಡುತ್ತ, ಜೀಪಿಗೆ ಪಾಠ ಹೇಳುತ್ತಿದ್ದರು. ಬ್ರೇಕು ಹೋದರೆ ಬ್ರೇಕನ್ನೇ ತುಳಿಯುತ್ತ ಕೂರಬೇಡ, ಗೇರು ಇಳಿಸು, ಕೈಬ್ರೇಕು ಎಳಿ, ಮೆತ್ತನ್ನ ನೆಲ ಹುಡುಕು. ಕಳೆ ತೆಗೆಯುವ ಹೆಂಗಸರು ಕೆಲಸ ಬಿಟ್ಟು ನೋಡಿ, "ಮುದುಕ ಗಾಡಿ ಕೂಡ ಮಾತಾಡಾಕತ್ತಾನ, ಗಾಡಿ ಸೊಸಿ ಕೂಡ ಮಾತಾಡಾಕತ್ತದ" ಎಂದು ನಗುತ್ತಿದ್ದರು.

ನೀವು ಕೇಳಬಹುದು, ನೆಟ್ಟಗೆ ಮಾತಾಡಿದ್ದರೆ ಆಗುತ್ತಿರಲಿಲ್ಲವೇ ಎಂದು. ಆಗುತ್ತಿತ್ತೇನೋ. ಕಾಲ ಬದಲಾಗಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ನೆಟ್ಟಗೆ ಮಾತು ಶುರುಮಾಡಿದ ಮನೆಗಳಲ್ಲಿ ಮಾವ ಸೊಸೆ ಜಗಳವಾಡುವುದನ್ನೂ ನಾನು ನೋಡಿದ್ದೇನೆ. ನಮಗೆ ಜಗಳಕ್ಕೆ ಜಾಗವೇ ಇರಲಿಲ್ಲ, ಜೀಪು ಯಾರ ಪರವೂ ವಹಿಸುತ್ತಿರಲಿಲ್ಲ. ಈ ಪದ್ಧತಿ ಒಳ್ಳೆಯದೆಂದು ಹೇಳುತ್ತಿಲ್ಲ. ನನಗೆ ದಕ್ಕಿದ್ದು ಅದರೊಳಗೇ ದಕ್ಕಿತು, ಅಷ್ಟೇ.

ಮಾವನವರು ಹೋದ ದಿನದ ಬಗ್ಗೆ ಕಂಡದ್ದನ್ನಷ್ಟೇ ಹೇಳುತ್ತೇನೆ. ನಡುಮನೆಯಲ್ಲಿ ಮಂಚ. ಸುತ್ತ ಬಂಧುಗಳು. ನಾನು ಸೊಸೆ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರ ಬಲಗೈ ಮಂಚದ ಅಂಚಿನ ಮೇಲಿತ್ತು. ಬೆರಳ ಗೆಣ್ಣು ಎದ್ದು ಮರಕ್ಕೆ ಒಂದು ಸಲ ತಾಗಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಗೇ, ಒಂದೇ ಸಲ. ಯಾರೋ, "ಕೈ ನಡಗಾಕತ್ತದ, ಹಿಡಕೊರ್ರಿ" ಎಂದರು. ಮನೆಯವರು ಕೈ ಹಿಡಿದುಕೊಂಡರು. ಅದು ನಡುಕವೇ ಇರಬಹುದು. ಆದರೆ ನನಗೆ ಕೇಳಿಸಿದ್ದು, ಹಿಡಿದಿದ್ದೇನೆ ಎಂದು. ಅದು ನನ್ನ ಬಡಿತ. ಪೆಡಲ್ ಮೇಲೆ ಕಾಲಿಟ್ಟವರು ಬಡಿಯುವುದು. ಅದಕ್ಕೆ ಉತ್ತರ ಎರಡು ಬಡಿತ. ಚೌಕಟ್ಟು ನನ್ನ ಕೈಯಲ್ಲೇ ಇತ್ತು. ಆದರೂ ಬಡಿಯಲಿಲ್ಲ. ಜನ ಏನೆಂದಾರು ಎಂದಲ್ಲ. ಎರಡು ಬಡಿದರೆ ಬಿಡು ಎಂದಾಗುತ್ತದೆ. ಬಿಡು ಎನ್ನಲು ನನಗೆ ಮನಸ್ಸಿರಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಬಂದವರೆಲ್ಲ ಮನೆಯವರ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು. ನನಗೆ ಚಹಾ ಮಾಡಲು ಹೇಳಿದರು. ಮಾವ ಸತ್ತ ಸೊಸೆಗೆ ಏನೆಂದು ಸಮಾಧಾನ ಹೇಳಬೇಕು? ಅದಕ್ಕೆ ಮಾತಿಲ್ಲ. ಒಂದು ದಿನವೂ ಮಾತಾಡಿಸದ ಮನುಷ್ಯನಿಗಾಗಿ ಇಷ್ಟು ಒಂಟಿಯೆನಿಸುವುದನ್ನು ನಾನು ಯಾರಿಗೆ ಹೇಳಲಿ?

ಜೀಪನ್ನು ನಾನೇ ಓಡಿಸಿಕೊಂಡಿದ್ದೆ. ಈಚೆಗೆ ತವರುಮನೆಗೆ ಹೋಗಿ ಹುಮನಾಬಾದಿನಿಂದ ವಾಪಸು ಬರುತ್ತಿದ್ದೆ. ರಾಜೇಶ್ವರದ ಹತ್ತಿರ ರಸ್ತೆ ಇಳಿಯುವಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರ್. ಬ್ರೇಕಿನ ಮೇಲೆ ಕಾಲಿಟ್ಟೆ. ಪೆಡಲ್ ನೆಲಕ್ಕೆ ಹೋಯಿತು. ತಡೆಯೇ ಇಲ್ಲ, ಗಾಳಿಯ ಮೇಲೆ ಕಾಲಿಟ್ಟ ಹಾಗೆ. ಮತ್ತೆ ಒತ್ತಿದೆ, ಹಾಗೆಯೇ. ಟ್ರ್ಯಾಕ್ಟರಿನ ಹಿಂದೆ ನೇತಾಡುತ್ತಿದ್ದ ಕಬ್ಬಿನ ಗರಿಗಳು ಒಂದೊಂದಾಗಿ ಕಾಣುವಷ್ಟು ಹತ್ತಿರ ಬಂದವು. ಗೇರು ಇಳಿಸಿದೆ. ಎಂಜಿನ್ ಅರಚಿತು. ಕೈಬ್ರೇಕು ಎಳೆದೆ. ಸುಟ್ಟ ವಾಸನೆ ಬಂತು. ರಸ್ತೆ ಬಿಟ್ಟು, ಸೋಯಾ ಕೊಯ್ದ ಹೊಲಕ್ಕೆ ಇಳಿಸಿದೆ. ಕರಿಮಣ್ಣು ಗಾಲಿ ಹಿಡಿದುಕೊಂಡು ನಿಲ್ಲಿಸಿತು.

ರಾಶಿ ಮಾಡುತ್ತಿದ್ದ ಹೆಂಗಸರು ಓಡಿ ಬಂದರು. ಒಬ್ಬಳು, "ಯಾಕ್ರಿ ಬಾಯಿ, ರೋಡ್ ಸಾಲಲಿಲ್ಲೇನು?" ಎಂದಳು. ಇನ್ನೊಬ್ಬಳು ತಂಬಿಗೆಯ ನೀರು ಕೊಟ್ಟಳು. ಸ್ಟೇರಿಂಗಿನಿಂದ ನನ್ನ ಕೈ ಬಿಡಲಿಲ್ಲ. ಆಕೆಯೇ ಬೆರಳು ಬಿಡಿಸಿದಳು. "ಒಬ್ಬಾಕೇ ಅದೀರೇನ?"

"ಹೌದ್ರಿ. ಒಬ್ಬಾಕೇ."

ಯಾರಿಗೂ ಏನೂ ಆಗಿರಲಿಲ್ಲ. ಟ್ರ್ಯಾಕ್ಟರಿನವನಿಗೆ ಗೊತ್ತೂ ಆಗಿರಲಿಲ್ಲ. ಆದರೂ ಮನೆಗೆ ಬಂದ ಮೇಲೆ ಅಂಗಳದಲ್ಲಿ ನಡೆಯುವಾಗಲೂ ಕಾಲ ಕೆಳಗೆ ನೆಲ ಇಳಿದ ಹಾಗಾಗುತ್ತಿತ್ತು. ಜೀಪನ್ನು ಆ ಹೊಲದವರು ತಮ್ಮ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಮನೆಯವರು ಅದನ್ನು ಒಂದು ಸುತ್ತು ಹಾಕಿ ಬಂದು ಹೇಳಿದರು, "ನೋಡು, ಐತವಾರ ತನಾ ಇರಲಿ. ಬ್ರೇಕ್ ಹಿಡೀತು ಅಂದ್ರ ಇಟಗೋ. ಇಲ್ಲಂದ್ರ ಸೋಮವಾರ ಗುಜರಿಯವರು ಬರತಾರ, ಮಾತಾಡೀನಿ."

"ಮಾಮಾರ ಗಾಡಿ ರೀ ಅದು."

"ನಮ್ಮಪ್ಪಂದೇ. ಅದರ ಮುಂದ ನಾ ಎರಡನೇ ಮಗ ಆಗಿದ್ದೆ, ಈಗ ನಿನಗೂ ಎರಡನೇ ಗಂಡ ಆಗಬೇಕೇನು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಗಾಡಿ ಹೋದ್ರ ಹೋಗ್ಲಿ. ನೀ ಹೋದ್ರ ನಾ ಯಾರನ್ನ ಕೇಳ್ಲಿ?" ಎಂದರು.

ಹಿಂದಿನ ಬಲಗಾಲಿಯ ಒಳಗಿನ ರಬ್ಬರು ಹರಿದು ಎಣ್ಣೆಯೆಲ್ಲ ಸೋರಿತ್ತು. ಹಳೆಯ ಜೀಪುಗಳಲ್ಲಿ ಒಂದು ಗಾಲಿ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ. ಬಸ್ಸು ಹಿಡಿದು ಹುಮನಾಬಾದಿಗೆ ಹೋಗಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಹರಿದ ರಬ್ಬರು ತೋರಿಸಿದೆ. ಅಂಗಡಿಯಾತ ಡಬ್ಬಿಗಳನ್ನೆಲ್ಲ ಕೆದಕಿ, "ಇದನ್ನ ಈಗ ಯಾರ ಹಾಕ್ತಾರ್ರಿ ಬಾಯಿ? ಮೇಸ್ತ್ರಿ ಯಾರು?" ಎಂದ. "ನಾನೇ" ಎಂದೆ. ಆತ ಕನ್ನಡಕ ಏರಿಸಿ ನನ್ನ ಸೀರೆಯನ್ನೂ ರಬ್ಬರನ್ನೂ ನೋಡಿ, "ಹಂಗಾದ್ರ ಎರಡು ಜೋಡಿ ಒಯ್ರಿ. ಒಂದು ಕೆಡಸೂದಕ್ಕ" ಎಂದ. ಆತನ ಮಾತು ಸರಿಯಾಗಿತ್ತು. ಮೊದಲ ಜೋಡಿಯನ್ನು ತಿರುವುಮುರುವಾಗಿ ಹಾಕಿ ಕೆಡಿಸಿದೆ.

ಭಾನುವಾರ, ಅಂದರೆ ನಿನ್ನೆ, ಗಾಳಿ ತೆಗೆಯುವ ಕೆಲಸ ಉಳಿದಿತ್ತು. ಮನೆಯವರು ಅಂಗಡಿಗೆ ಹೋಗುವ ಮುಂಚೆ ಪೆಡಲ್ ಒತ್ತಲು ಒಪ್ಪಿದರು. ನಾನು ಗೋಣಿತಟ್ಟಿನ ಮೇಲೆ ಮಲಗಿ ಕೆಳಗೆ ಸರಿದೆ. ಮೇಲಿನಿಂದ ಸಂತೆಯಲ್ಲಿ ಕೂಗುವವರ ಹಾಗೆ, "ಒತ್ತೀನಿ, ಬಿಟ್ಟೀನಿ, ಒತ್ತೀನಿ, ಬಿಟ್ಟೀನಿ" ಎಂದು ಶುರು ಮಾಡಿದರು. ನಳಿಗೆ ಬಾಟಲಿಯಿಂದ ಜಿಗಿದು ಎಣ್ಣೆ ನನ್ನ ಕೊರಳಿಗೆ ಬಿತ್ತು. ಸಾವಕಾಶ ಎನ್ನುವಷ್ಟರಲ್ಲಿ ಅಂಗಡಿಯಿಂದ ಫೋನು ಬಂತು. ಮದುವೆಯ ಬಟ್ಟೆಗೆ ಗಿರಾಕಿ ಬಂದಿದ್ದಾರಂತೆ. "ಸಂಜಿಗೆ ಬಂದು ಒತ್ತತೀನಿ" ಎಂದು ಹೋದರು. ಸಂಜೆ ಬರುವುದು ಒತ್ತಲಿಕ್ಕಲ್ಲ, ಬ್ರೇಕು ಹಿಡಿಯಿತೋ ಇಲ್ಲವೋ ನೋಡಲಿಕ್ಕೆ ಎಂದು ಇಬ್ಬರಿಗೂ ಗೊತ್ತಿತ್ತು.

ಗೋಡೆಯ ಹತ್ತಿರ ಹೋಗಿ ಕಾಶಿಬಾಯಿಯ ಗಿಡ್ಡ ಒನಕೆ ಕೇಳಿದೆ. "ಹಿಂಡಿ ಕುಟ್ಟತೀ?" ಎಂದಳು. "ಇಲ್ರಿ ಕಾಕು, ಬ್ರೇಕ್ ಒತ್ತಾಕ." ಆಕೆ ಏನೂ ಕೇಳದೆ ಗೋಡೆಯ ಮೇಲಿಂದ ಕೊಟ್ಟಳು. ಒನಕೆಯ ಒಂದು ತುದಿ ಪೆಡಲ್ ಮೇಲೆ, ಇನ್ನೊಂದು ತುದಿ ಸೀಟಿನ ಕಡೆಗೆ. ಒನಕೆಗೂ ಸೀಟಿಗೂ ನಡುವೆ ಗಾಲಿಯ ಹಳೆಯ ಟ್ಯೂಬನ್ನು ಸುತ್ತಿ ಒತ್ತಿ ತುರುಕಿದೆ. ಪೆಡಲ್ ಇಳಿದಂತೆ ಟ್ಯೂಬು ಹಿಗ್ಗಿ ಒನಕೆಯನ್ನು ದಬ್ಬುತ್ತದೆ. ಹೀಗೆ ಸಿಕ್ಕಿಸಿ ಇಳಿದು, ಕೆಳಗೆ ಸರಿದು, ತಿರುಪು ಸಡಿಲಿಸಿ, ಬಿಗಿದು, ಮತ್ತೆ ಮೇಲೆ. "ದೂರದ ಗಾಲಿಯಿಂದ ಸುರು ಮಾಡಿ ಹತ್ತಿರಕ್ಕ ಬರಬೇಕು, ಗಾಡಿ" ಎಂದು ಅವರು ಹೇಳುತ್ತಿದ್ದರು. ಹಾಗೇ ಬಂದೆ. ಬಾಟಲಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ಯಾವಾಗ ಶುರುವಾಯಿತೋ ತಿಳಿಯದು, ಒನಕೆ ಸಿಕ್ಕಿಸಿದಾಗಲೆಲ್ಲ ನನ್ನ ಕೈ ಪಾನಾ ಎತ್ತಿ ಆ ಕುಳಿಗೆ ಒಂದು ಸಲ ಬಡಿಯುತ್ತಿತ್ತು.

ಗೋಡೆಯಾಚೆಯಿಂದ ಕಾಶಿಬಾಯಿ ಕೇಳಿದಳು, "ಯವ್ವಾ, ತಳಗ ಯಾರದಾರ?"

"ಯಾರೂ ಇಲ್ರಿ ಕಾಕು."

"ಮತ್ತ ಯಾರಿಗೆ ಬಡದು ಹೇಳಾಕತ್ತೀ?"

ನಾನು ಕೈಯಲ್ಲಿದ್ದ ಪಾನಾ ನೋಡಿದೆ. ಗೋಡೆಯಾಚೆ ಕೆಮ್ಮಿದ್ದು ಕೇಳಿಸಿತು, ಆಮೇಲೆ ಚಾಪೆ ಮಡಚಿ ಒಳಗೆ ಹೋದದ್ದು.

ಕೊನೆಗೆ ಮುಂದಿನ ಎಡಗಾಲಿ, ಎಲ್ಲಕ್ಕಿಂತ ಹತ್ತಿರದ್ದು. ಒನಕೆ ಸಿಕ್ಕಿಸಿ, ಒಂದು ಬಡಿದು, ಕೆಳಗೆ ಬಂದು ಮಲಗಿದೆ. ತಿರುಪು ಸಡಿಲಿಸಿದಾಗ ಒಂದೇ ಒಂದು ಗುಳ್ಳೆ ಬಂತು, ಆಮೇಲೆ ಬರೀ ಎಣ್ಣೆ. ಬಿಗಿದೆ. ಮೇಲೆ ಒನಕೆ ಹಿಡಿದುಕೊಂಡೇ ಇತ್ತು. ನನ್ನ ಕಣ್ಣಿನ ಮೇಲೆಯೇ ಜೀಪಿನ ಕಬ್ಬಿಣದ ತೊಲೆ. ಅದರ ಮೇಲೆ ಮಾವನವರು ಬಡಿದು ಬಡಿದು ಹೊಳಪಾದ ಒಂದು ಜಾಗ. ನಾನು ಪೆಡಲ್ ಒತ್ತಿದವಳು, ಕೆಳಗಿನದು ಎಂದೂ ನೋಡಿರಲಿಲ್ಲ. ನನ್ನ ಕುಳಿಯಷ್ಟೇ ದೊಡ್ಡದು. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ಪಾನಾ ಎತ್ತಿ ಅಲ್ಲಿ ಬಡಿದೆ. ಎರಡು ಸಲ.

ಸಂಜೆ ಮನೆಯವರು ಬಂದು, ಹತ್ತದೆ, ಹೊರಗೆ ನಿಂತೇ ಬಗ್ಗಿ ಕೈಯಿಂದ ಪೆಡಲ್ ಒತ್ತಿ ನೋಡಿದರು. ಅದು ಅರ್ಧದಿಂದ ಕೆಳಗೆ ಇಳಿಯಲಿಲ್ಲ. "ಗಟ್ಟಿ ಅದ" ಎಂದು ಕಟ್ಟೆಯ ಮೇಲೆ ಕೂತು ಫೋನು ತೆಗೆದರು. "ನಾಳಿಗೆ ಬರಬ್ಯಾಡ್ರಿ" ಎಂದು ಯಾರಿಗೋ ಹೇಳಿ, ನನ್ನ ಕೊರಳಿನ ಎಣ್ಣೆಯ ಕಲೆ ನೋಡಿ, ಚಹಾ ತಾವೇ ಮಾಡಿಕೊಂಡು ಬಂದರು.

ಆದರೆ ಅಂಗಳದಲ್ಲಿ ಗಟ್ಟಿಯಿರುವುದು ಬೇರೆ, ಇಳಿಜಾರಿನಲ್ಲಿ ಬೇರೆ. ಅದಕ್ಕೇ ಇವತ್ತು ಹಿಟ್ಟು ಬದಿಗಿಟ್ಟು ಬಂದದ್ದು. ಸೀಟಿನಲ್ಲಿ ಕೂತೆ. ಓಣಿ ದಾಟಿ ಕೋಟೆಯ ಕಡೆಯ ಇಳಿಜಾರಿಗೆ ಬಂದೆ. ಬೆಳಗಿನ ಹೊತ್ತು, ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಲಗಡೆಯ ಸೀಟಿನ ಮೇಲೆ ಕಾಶಿಬಾಯಿಗೆ ವಾಪಸು ಕೊಡಬೇಕಾದ ಒನಕೆ ಉರುಳಾಡುತ್ತಿತ್ತು. ಜೀಪು ತಾನಾಗಿ ಇಳಿಯತೊಡಗಿದಾಗ ಬ್ರೇಕಿನ ಮೇಲೆ ಕಾಲಿಟ್ಟೆ. ಪೆಡಲ್ ಅರ್ಧಕ್ಕೆ ನಿಂತಿತು. ಜೀಪು ನಿಂತಿತು. ಒನಕೆ ಉರುಳಿ ಕೆಳಗೆ ಬಿತ್ತು.

ಪಾನಾ ಕೈಗೆ ಸಿಗುವಲ್ಲೇ ಇತ್ತು. ಬಡಿಯಲಿಲ್ಲ.

"ಹಿಡದದ ರೀ, ಮಾಮಾರ" ಎಂದೆ. ಗಾಡಿಗಲ್ಲ, ಅವರಿಗೇ.